ನೀರಹೊಲದ ಬಾಯಿ

ಸೊಟ್‌ಗೋಲ್ ಊರಿನ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಇದ್ದವರು ಇಬ್ಬರೇ. ಒಬ್ಬಳು ದಾಸೊಲ್, ಅಣಬೆ ಬೆಳೆಯುವವರ ಮನೆಯ ಹತ್ತು ವರ್ಷದ ಹುಡುಗಿ. ಇನ್ನೊಬ್ಬಳು ಮಾ ಬುನಿಮ್, ಎಪ್ಪತ್ತು ದಾಟಿದ ಮುದುಕಿ. ಇಬ್ಬರಿಗೂ ಒಂದೇ ಬೆಂಚು, ಒಂದೇ ರಬ್ಬರು. ರಬ್ಬರು ದಾಸೊಲ್‌ಳದು, ಅದನ್ನು ಸವೆಸುತ್ತಿದ್ದವಳು ಬುನಿಮ್. ಇವರನ್ನು ಬಿಟ್ಟರೆ ಇಡೀ ಶಾಲೆಗೆ ಇದ್ದದ್ದು ದಾಸೊಲ್‌ಳ ತಮ್ಮ ಒಬ್ಬ, ಒಂದನೆಯ ತರಗತಿಯಲ್ಲಿ.

ಬುನಿಮ್ ಆ ಶಾಲೆಗೆ ಹೊಸಬಳೇನಲ್ಲ. ಎಂಟು ವರ್ಷದವಳಿದ್ದಾಗ ಒಂದು ವಸಂತ ಬಂದಿದ್ದಳು. ಆ ವರ್ಷವೇ ತಾಯಿ ಗಂಡು ಹೆತ್ತಳು. ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಕುಳಿತರೆ ಕೂಸು ಚೀರುತ್ತಿತ್ತು. ಚೀರಿದಾಗಲೆಲ್ಲ ಅಂದಿನ ಮೇಷ್ಟ್ರು ಬಾಗಿಲ ಕಡೆ ಬೆರಳು ತೋರಿಸುತ್ತಿದ್ದರು. ಹೊರಗೆ ನಿಂತು ನಿಂತು, ಒಂದು ದಿನ ಒಳಗೆ ಹೋಗುವುದೇ ನಿಂತುಹೋಯಿತು. ಅಷ್ಟರೊಳಗೆ ಅವಳು ಕಲಿತದ್ದು ತನ್ನ ಹೆಸರಿನ ಮೊದಲರ್ಧ. ಮುಂದೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಗಂಡನ ಸಾವಿನ ಕಾಗದದಲ್ಲಿ ಅವಳು ಆ ಅರ್ಧ ಹೆಸರಿನಲ್ಲೇ ಬದುಕಿದಳು. ಉಳಿದರ್ಧವನ್ನು ಪಕ್ಕದಲ್ಲಿ ನಿಂತವರು ಬರೆದುಕೊಟ್ಟರು.

ಮಣ್ಣಿನ ಮಟ್ಟಿಗೆ ಮಾತ್ರ ಅವಳು ಯಾರ ಹಂಗೂ ಇಲ್ಲದವಳು. ಒಂದು ಮಳೆಗಾಲ ಗುಡ್ಡ ಜಾರಿ ಅವರ ಬೆಳ್ಳುಳ್ಳಿ ಹೊಲ ಹಳ್ಳದ ಪಾಲಾದಾಗ, ಗಂಡ ತಲೆಯ ಮೇಲೆ ಕೈ ಹೊತ್ತು ಕುಳಿತರೆ ಇವಳು ಬೆನ್ನಿಗೆ ಮರದ ಚೌಕಟ್ಟು ಕಟ್ಟಿಕೊಂಡು ಹಳ್ಳದಿಂದ ಮಣ್ಣು ಹೊತ್ತು ತಂದು ಮತ್ತೆ ಹೊಲ ಮಾಡಿದಳು. ಎಡ ಭುಜ ಆಗಲೇ ಹೋಯಿತು. ಆಮೇಲೆ ಆ ಕೈ ತಲೆಗಿಂತ ಮೇಲೆ ಏಳಲಿಲ್ಲ. ಬಲಗೈಯೂ ಈಚೆಗೆ ಅದರ ಹಾದಿಯನ್ನೇ ಹಿಡಿದಿತ್ತು.

ಶಾಲೆಯಲ್ಲಿ ಮಕ್ಕಳು ಕಡಿಮೆಯಾದಾಗ ಊರ ಮುಖ್ಯಸ್ಥ ದುಸಿಕ್ ಮನೆಮನೆಗೆ ಬಂದು ಬಾಗಿಲು ಬಡಿದ. "ಅಕ್ಕಂದಿರಾ, ನೀವಾದ್ರೂ ಸೇರ್ಕೊಳಿ. ತಲೆ ಎಣಿಸೋರಿಗೆ ತಲೆ ಬೇಕು, ಅದು ಕರೀದೋ ಬಿಳೀದೋ ಅಂತ ಯಾರೂ ಕೇಳಲ್ಲ" ಎಂದ. ಐದು ಜನ ಮುದುಕಿಯರು ಸೇರಿದರು. ಒಬ್ಬಳಿಗೆ ಮಂಡಿ ನೋವು, ಒಬ್ಬಳು ಮಗಳ ಮನೆಗೆ ಹೋದಳು, ಒಬ್ಬಳು ತೀರಿಕೊಂಡಳು, ಇನ್ನೊಬ್ಬಳಿಗೆ ಲೆಕ್ಕ ಹಿಡಿಸಲಿಲ್ಲ. ಉಳಿದವಳು ಬುನಿಮ್. ಅವಳಿಗೊಂದೇ ಹಟ. ಆರನೆಯ ತರಗತಿ ಮುಗಿಸಬೇಕು, ಮುಗಿಸಿದ ಪತ್ರವನ್ನು ತನ್ನ ಪೂರ್ತಿ ಹೆಸರಿನಲ್ಲಿ ಈಸಿಕೊಳ್ಳಬೇಕು.

ಪಕ್ಕದ ಮನೆಯ ಕೊನ್ನಿಮ್‌ಗೆ ಇದು ನಿತ್ಯದ ತಮಾಷೆ. ಊರಿನ ಮದುವೆ, ತಿಥಿ ಯಾವುದಕ್ಕೂ ಅಕ್ಕಿಹೆಂಡ ಇಳಿಸಿಕೊಡುವವಳು ಅವಳೇ. ಬಾಯಿ ಅವಳ ಹೆಂಡಕ್ಕಿಂತ ಹುಳಿ.

"ಏನ್ ಬುನಿಮಕ್ಕ, ಹೋಂವರ್ಕ್ ಮಾಡಿಲ್ಲ ಅಂತ ಇವತ್ತೂ ಬೆಂಚಿನ ಮೇಲೆ ನಿಲ್ಲಿಸಿದ್ರಾ?"

"ನಿಲ್ಲಿಸಿದ್ರೆ ನಿಂತ್ಕೋತೀನಿ. ನಿನ್ ಹಾಗೆ ಹೆಂಡದ ಮಡಕೆ ಮುಂದೆ ಕುಕ್ಕರಗಾಲಲ್ಲಿ ಕೂತು ಸಾಯಲ್ಲ."

"ಸಾಯೋ ಕಾಲಕ್ಕೆ ಮಗ್ಗಿ ಯಾಕಕ್ಕಾ? ಯಮ ಏನು ಲೆಕ್ಕ ಕೇಳ್ತಾನಾ?"

"ಕೇಳಿದ್ರೆ ಹೇಳೋದಕ್ಕೆ ಒಬ್ಳಾದ್ರೂ ಬೇಕಲ್ಲ ಊರಿಂದ."

ಶಾಲೆಯ ಉಸಿರು ಮಾತ್ರ ಮೂಗಿನ ತುದಿಗೆ ಬಂದಿತ್ತು. ಬರುವ ವಸಂತದೊಳಗೆ ಇನ್ನಿಬ್ಬರು ಮಕ್ಕಳು ಸೇರದಿದ್ದರೆ ಬಾಗಿಲು ಹಾಕುವುದೆಂದು ಮೇಲಿನವರು ಹೇಳಿಬಿಟ್ಟಿದ್ದರು. ಕೊನೆಯ ಪ್ರಯತ್ನವೆಂದು ಅವರೇ ನೀರಿನಲ್ಲೇ ಗಿಡ ಬೆಳೆಸುವ ಒಂದು ನೀರಹೊಲ ಕಳಿಸಿದರು. ಪಟ್ಟಣದ ಬೇಸರ ಹತ್ತಿದ ತಂದೆತಾಯಿಯರು ಈಗೀಗ ಮಕ್ಕಳನ್ನು ಹಳ್ಳಿ ಶಾಲೆಗೆ ಕರೆತರುತ್ತಾರೆ, ಕೈಯಾರೆ ಬೆಳೆದು ಕಲಿಯುವ ಶಾಲೆಯೆಂದರೆ ಅವರಿಗೆ ಆಸೆ ಹುಟ್ಟುತ್ತದೆ ಎಂಬ ಲೆಕ್ಕ.

ಖಾಲಿ ಬಿದ್ದಿದ್ದ ಎರಡನೆಯ ತರಗತಿಯ ಕೋಣೆಯಲ್ಲಿ ಬಿಳಿ ಕೊಳವೆಗಳು ಮೆಟ್ಟಿಲು ಮೆಟ್ಟಿಲಾಗಿ ಏರಿದವು. ಮೇಲೆ ನೇರಳೆ ಬಣ್ಣದ ದೀಪ. ಮೂಲೆಯಲ್ಲಿ ಮುಚ್ಚಳವಿರುವ ತೊಟ್ಟಿ, ಅದರಿಂದ ನೀರೆತ್ತುವ ಪುಟ್ಟ ಪಂಪು, ಪಕ್ಕದಲ್ಲಿ ಹಸಿರು ದೀಪ ಉರಿಯುವ ಒಂದು ಡಬ್ಬಿ. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒಳಗೆ ಹೋಗಬೇಕು.

ಮೊದಲ ದಿನ ಬುನಿಮ್ ಕೊಳವೆಯ ತೂತಿನೊಳಗೆ ಬೆರಳು ಹಾಕಿ ನೋಡಿದಳು.

"ಮಣ್ಣೆಲ್ಲಿ ಮೇಷ್ಟ್ರೇ?"

ಬಾನ್ ಮೇಷ್ಟ್ರಿಗೆ ಮೂವತ್ತು ದಾಟಿರಲಿಲ್ಲ. ಬುನಿಮ್ ಅವರನ್ನು ಬಹುವಚನದಲ್ಲೇ ಮಾತನಾಡಿಸುತ್ತಿದ್ದಳು, ಅವರೂ ಅವಳನ್ನು ಹಾಗೆಯೇ. "ಮಣ್ಣಿಲ್ಲ. ಊಟ ಎಲ್ಲಾ ನೀರಲ್ಲೇ ಇರತ್ತೆ" ಎಂದರು.

"ಮಣ್ಣಿಲ್ದಿದ್ರೆ ಗಿಡ ಯಾರನ್ನ ಹಿಡ್ಕೊಂಡು ನಿಲ್ಲತ್ತೆ?"

"ಈ ಸ್ಪಂಜನ್ನ."

"ಪಾಪ" ಎಂದಳು ಬುನಿಮ್. ಬಾನ್ ಮೇಷ್ಟ್ರು ನಕ್ಕರು. ಅವಳು ನಗಲಿಲ್ಲ.

ಆದರೂ ಆ ಕೋಣೆಯೇ ಅವಳಿಗೆ ಶಾಲೆಯ ರುಚಿ ಹತ್ತಿಸಿತು. ಹಲಗೆಯ ಮೇಲೆ ಬರೆದ ಭಾಗಾಕಾರ ತಲೆಯ ಮೇಲಿಂದ ಹಾರಿಹೋಗುತ್ತಿತ್ತು. ಇಲ್ಲಿ ಲೆಟ್ಯೂಸ್ ಸಸಿಗಳನ್ನು ಕೊಳವೆಗಳಿಗೆ ಹಂಚಿ, ಮಿಕ್ಕವನ್ನು ಕೈಯಲ್ಲಿ ಹಿಡಿದಾಗ, ಶೇಷವೆಂದರೆ ಇದೇ ಎಂದು ಅವಳಿಗೆ ತಟ್ಟನೆ ಹೊಳೆಯಿತು. "ಅಯ್ಯೋ, ಇಷ್ಟೇನಾ! ಇದನ್ನ ಮದುವೆಯಾದಾಗಿಂದ ಮಾಡ್ತಿದೀನಲ್ಲೇ" ಎಂದು ದಾಸೊಲ್‌ಳ ಬೆನ್ನು ಗುದ್ದಿದಳು. ಚಿಮಟದಲ್ಲಿ ಬೀಜ ಎತ್ತಿ ಸ್ಪಂಜಿಗೆ ಇಡುವಾಗ ದಾಸೊಲ್ ಅವಳ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದಳು. ಮಧ್ಯಾಹ್ನ ತಾವು ಬೆಳೆದ ಎಲೆಯಲ್ಲಿ ಅನ್ನ, ಹುರಿದ ಮಾಂಸ, ಹುದುಗಿಸಿದ ಸೋಯಾ ಕಾಳಿನ ಗೊಜ್ಜು ಸುತ್ತಿಕೊಂಡು ದಾಸೊಲ್‌ಳ ತಮ್ಮನೂ ಸೇರಿ ಮೂವರೂ ಕೆನ್ನೆ ಉಬ್ಬಿಸಿಕೊಂಡು ತಿನ್ನುತ್ತಿದ್ದರು.

ಒಂದು ದಿನ ಪಾಠದಲ್ಲಿ ಬಾನ್ ಮೇಷ್ಟ್ರು ತೊಟ್ಟಿಯ ಮುಚ್ಚಳ ತೆಗೆದು ತೋರಿಸಿದರು.

"ಇದು ಹೊಲದ ಬಾಯಿ. ಇಲ್ಲಿಗೆ ಏನು ಹಾಕಿದ್ರೂ ಸ್ವಲ್ಪ ಹೊತ್ತಲ್ಲೇ ಒಂದೊಂದು ಬೇರಿಗೂ ಮುಟ್ಟತ್ತೆ. ಗೊತ್ತಾಯ್ತಾ?"

"ಗೊತ್ತಾಯ್ತು" ಎಂದರು ಮೂವರೂ. ಬುನಿಮ್‌ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಾಯಿತು.

ಊರಿನವರಿಗೆ ಮಾತ್ರ ಆ ನೀರಹೊಲದ ಮೇಲೆ ಒಂದು ಅಸಮಾಧಾನ ಉಳಿದಿತ್ತು. ಅದನ್ನು ಆರಂಭಿಸಿದ ದಿನ ಪಟ್ಟಣದಿಂದ ಬಂದವರು ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು ಹೋದರು. ಹೊಸದನ್ನು ಶುರುಮಾಡುವ ಮುನ್ನ ಮಾಡಬೇಕಾದ ಕೋಸಾ ಪೂಜೆ ಮಾತ್ರ ಮಾಡಲಿಲ್ಲ. ಸೊಟ್‌ಗೋಲಿನಲ್ಲಿ ಹೊಸ ಟ್ರ್ಯಾಕ್ಟರು ಬಂದರೆ ಅದರ ಮುಂದೆ ಹಂದಿಯ ತಲೆ ಇಟ್ಟು, ನಮಸ್ಕಾರ ಮಾಡಿ, ನಾಲ್ಕು ಚಕ್ರಕ್ಕೂ ಅಕ್ಕಿಹೆಂಡ ಎರೆಯದೆ ಯಾರೂ ಬೀಗದಕೈ ತಿರುಗಿಸುವುದಿಲ್ಲ. ಬಾಗಿಲ ಮೇಲೆ ದಾರ ಸುತ್ತಿದ ಒಣಮೀನು ಕಟ್ಟುತ್ತಾರೆ. ಕಣ್ಣು ಮುಚ್ಚದ ಆ ಮೀನು ಕೆಟ್ಟದ್ದು ಒಳಗೆ ಬಾರದಂತೆ ಕಾಯುತ್ತದೆ.

"ಹಂದಿ ತಲೆ ಬೇಡ, ಒಂದು ಬಟ್ಟಲು ಹೆಂಡಾನಾದ್ರೂ ತೋರಿಸ್ಬೇಕಿತ್ತು" ಎಂದಳು ಕೊನ್ನಿಮ್. "ಆ ದುಸಿಕ್ ತನ್ನ ಸ್ಕೂಟರಿಗೆ ಕೋಸಾ ಮಾಡ್ದೋನು, ಶಾಲೆಗೆ ಮಾಡಕ್ಕೆ ಏನು ರೋಗ?"

"ಶುಚಿ ಕೋಣೆ ಅಂತಕ್ಕಾ, ಮೇಲಿನೋರು ಬೇಡ ಅಂದ್ರು" ಎಂದ ದುಸಿಕ್.

"ಶುಚಿಯಂತೆ! ನನ್ನ ಹೆಂಡ ಕೊಳಕಾ? ನಿಮ್ಮಪ್ಪನ ಗೋರಿಗೆ ಎರೆದಾಗ ಕೊಳಕಿರಲಿಲ್ವಾ?"

ಮಾತು ನಗೆಯಲ್ಲಿ ಮುಗಿಯಿತು. ಬುನಿಮ್‌ಳ ಎದೆಯಲ್ಲಿ ಮಾತ್ರ ಅದು ಮುಳ್ಳಿನಂತೆ ಉಳಿಯಿತು.

ಸುಗ್ಗಿ ಹುಣ್ಣಿಮೆಯ ಹಬ್ಬ ಹತ್ತಿರವಾದಾಗ ಬಾನ್ ಮೇಷ್ಟ್ರು ಓಡಿಬಂದಂತೆ ತರಗತಿಗೆ ಬಂದರು. ರಾಜಧಾನಿ ಸೋಲ್ ನಗರದಿಂದ ಒಬ್ಬ ತಾಯಿ ಫೋನು ಮಾಡಿದ್ದಳು. ಆಕೆಗೆ ಅವಳಿ ಮಕ್ಕಳು. ನೀರಹೊಲದ ಚಿತ್ರ ನೋಡಿ ಮಕ್ಕಳು ಹಟ ಹಿಡಿದಿದ್ದವಂತೆ. ಹಬ್ಬ ಮುಗಿದ ಮೇಲಿನ ಶನಿವಾರ ಬಂದು ನೋಡುತ್ತಾರೆ, ಒಪ್ಪಿದರೆ ವಸಂತಕ್ಕೆ ಬಂದು ಇಲ್ಲಿಯೇ ಇರುತ್ತಾರೆ.

"ಅವಳಿ!" ಎಂದಳು ದಾಸೊಲ್. "ಇಬ್ರು! ಸರಿಯಾಗಿ ಇಬ್ರು ಅಜ್ಜಿ!"

ಬುನಿಮ್ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮೇಷ್ಟ್ರು ರಜೆಗೆ ತಮ್ಮೂರಿಗೆ ಹೊರಟಾಗ ಕೋಣೆಯ ಬೀಗದಕೈಯನ್ನು ಅವಳ ಕೈಗೇ ಕೊಟ್ಟರು. "ದಿನಾ ಒಂದ್ಸಲ ನೋಡಿ. ಡಬ್ಬಿಯ ದೀಪ ಹಸಿರಾಗಿದ್ರೆ ಎಲ್ಲಾ ಸರಿ. ಕೆಂಪಾದ್ರೆ ಫೋನ್ ಮಾಡಿ" ಎಂದರು. ಅವಳ ಜೀವಮಾನದಲ್ಲಿ ಶಾಲೆಯ ಬಾಗಿಲಿನ ಹೊರಗೆ ನಿಂತದ್ದುಂಟು, ಬೀಗದಕೈ ಹಿಡಿದದ್ದು ಅದೇ ಮೊದಲು.

ಹಬ್ಬದ ಬೆಳಿಗ್ಗೆ ಗಂಡನ ಗೋರಿಗೆ ಎಡೆ ಇಟ್ಟು ಗುಡ್ಡ ಇಳಿಯುವಾಗ ಅವಳ ಮನಸ್ಸು ನಿರ್ಧಾರ ಮಾಡಿತ್ತು. ಟ್ರ್ಯಾಕ್ಟರಿಗೆ ಇರುವ ಕಾವಲು ಶಾಲೆಗಿಲ್ಲ. ಇಷ್ಟು ದೊಡ್ಡ ಕೆಲಸ, ಹೇಳದೆ ಕೇಳದೆ ನಿಂತಿದೆ. ಅಂಥದರ ಮುಂದೆ ಅವಳಿ ಮಕ್ಕಳ ತಾಯಿಯನ್ನು ತಂದು ನಿಲ್ಲಿಸುವುದು ಹೇಗೆ?

ಕೊನ್ನಿಮ್‌ಳ ಮನೆಯಿಂದ ಹಬ್ಬಕ್ಕೆಂದು ತಂದಿದ್ದ ಹೆಂಡದ ಕೆಟಲು, ಅರ್ಧಚಂದ್ರದ ಅಕ್ಕಿಕಡುಬು ಮೂರು, ಒಂದು ಒಣಮೀನು, ಬಿಳಿ ದಾರದ ಉಂಡೆ ತೆಗೆದುಕೊಂಡು ಶಾಲೆಗೆ ಹೋದಳು. ಚಪ್ಪಲಿ ಹೊರಗೆ ಬಿಟ್ಟಳು. ಕೈ ತೊಳೆದಳು, ಮೇಷ್ಟ್ರು ಕಲಿಸಿದ ಹಾಗೆ ಉಗುರಿನ ಸಂದಿಯನ್ನೂ ಉಜ್ಜಿ. ಸ್ಟೂಲಿನ ಮೇಲೆ ನಿಂತು, ಏಳದ ಕೈಯನ್ನು ಏಳಿಸಿ, ಬಾಗಿಲ ಒಳಮಗ್ಗುಲಲ್ಲಿ ಮೀನು ಕಟ್ಟಿದಳು. ಗಂಟು ಬಿಚ್ಚದಿರಲೆಂದು ಏಳೆಂಟು ಸುತ್ತು ಸುತ್ತಿದಳು. ಆಮೇಲೆ ತೊಟ್ಟಿಯ ಮುಂದೆ ಕಡುಬು ಇಟ್ಟು ಅಡ್ಡಬಿದ್ದಳು.

"ನಿನಗೆ ಮಣ್ಣಿಲ್ಲ, ಯಾವ ದೇವರಿಗೆ ಸೇರಿದೋಳೋ ನೀನು, ನಂಗೆ ಗೊತ್ತಿಲ್ಲ" ಎಂದಳು. "ತಡವಾಯ್ತು, ಬೇಜಾರ್ ಮಾಡ್ಕೋಬೇಡ. ಆ ಎರಡು ಮಕ್ಕಳನ್ನ ಕರೆಸ್ಕೊ. ಇನ್ನೆರಡು ವರ್ಷ ನನ್ನನ್ನ ಒಳಗೆ ಕೂರಿಸ್ಕೊ. ಆಮೇಲೆ ನೀನು ಏನು ಹೇಳಿದ್ರೂ ಸರಿ."

ಎರೆಯುವುದೆಲ್ಲಿಗೆ ಎಂದು ಅವಳು ಒಂದು ಗಳಿಗೆ ಯೋಚಿಸಿದಳು. ಟ್ರ್ಯಾಕ್ಟರಿಗಾದರೆ ಚಕ್ರವಿದೆ, ಹೊಲಕ್ಕಾದರೆ ನೆಲವಿದೆ. ಇಲ್ಲಿ ನೆಲವೆಂದರೆ ಪ್ಲಾಸ್ಟಿಕ್ಕು. ಅದರ ಮೇಲೆ ಚೆಲ್ಲಿದರೆ ಯಾರ ಬಾಯಿಗೆ ಹೋದೀತು? ಅಷ್ಟರಲ್ಲಿ ಪಾಠ ನೆನಪಾಯಿತು. ಮುಚ್ಚಳ ತೆಗೆದಳು. ಒಂದು ಬಟ್ಟಲು ಎರೆದಳು. ಇಷ್ಟೊಂದು ಗಿಡಕ್ಕೆ ಒಂದು ಬಟ್ಟಲೇ ಎಂದುಕೊಂಡು ಕೆಟಲನ್ನೇ ಬಗ್ಗಿಸಿದಳು. ತಳದಲ್ಲಿ ಗಟ್ಟಿಯಾಗಿ ನಿಂತಿದ್ದ ಅಕ್ಕಿಯ ಗಷ್ಟನ್ನೂ ಬಿಡಲಿಲ್ಲ. ಬಿಳಿ ಹೆಂಡ ಮೋಡದಂತೆ ಹರಡಿ, ಪಂಪಿನ ಬಾಯಿಗೆ ಸೇರಿ, ಕೊಳವೆಗಳತ್ತ ಹೊರಟಿತು.

ಮಾರನೆಯ ದಿನ ಹಸಿರು ದೀಪ ಉರಿಯುತ್ತಿತ್ತು. ಗಿಡಗಳೂ ಚೆನ್ನಾಗಿಯೇ ಇದ್ದವು. ಅದರಾಚೆ ದಿನ ಬಾಗಿಲು ತೆರೆದರೆ ಹಬ್ಬದ ಮನೆಯ ಘಮಲು. ತೊಟ್ಟಿಯಲ್ಲಿ ಸಣ್ಣ ನೊರೆ. ಕೊನ್ನಿಮ್‌ಳ ಮಡಕೆಯಲ್ಲೂ ಹೆಂಡ ಹದಕ್ಕೆ ಬಂದಾಗ ಹೀಗೆಯೇ ನೊರೆ ಕಟ್ಟುತ್ತದೆ. ಒಪ್ಪಿಸಿಕೊಂಡಿತು ಎಂದು ಬುನಿಮ್ ಕೈಮುಗಿದಳು.

ಮುಚ್ಚಿದ ಕೋಣೆಯ ಸೆಕೆಯಲ್ಲಿ ಹೆಂಡ ಬೆರೆತ ನೀರು ಹುಳಿಯುತ್ತಿತ್ತು. ಬೇರುಗಳಿಗೆ ಉಸಿರು ಕಟ್ಟುತ್ತಿತ್ತು. ಡಬ್ಬಿಗೆ ಗೊತ್ತಿದ್ದದ್ದು ನೀರಿನ ಉಪ್ಪು ಒಂದೇ, ಹೆಂಡದ ವಿಷಯ ಅದಕ್ಕೆ ಯಾರೂ ಕಲಿಸಿರಲಿಲ್ಲ. ಹಾಗಾಗಿ ಅದು ಹಸಿರಾಗಿಯೇ ಉರಿಯಿತು. ಎಲೆಗಳು ಬಾಡತೊಡಗಿದಾಗ ಬಿಸಿಲಿನ ಕಾವೆಂದು ಬುನಿಮ್ ಕಿಟಕಿಗೆ ಬಟ್ಟೆ ಕಟ್ಟಿದಳು. ಇನ್ನೂ ಬಾಡಿದಾಗ ಬೀಸಣಿಗೆ ಹಿಡಿದು ಕುಳಿತಳು. ಫೋನು ಕೈಗೆ ತೆಗೆದುಕೊಂಡಳು. ದೀಪ ಕೆಂಪಾದರೆ ಮಾಡಿ ಎಂದಿದ್ದರು, ಕೆಂಪಾಗಿರಲಿಲ್ಲ. ಹಬ್ಬದ ಊಟಕ್ಕೆ ಕುಳಿತವರನ್ನು ಎಬ್ಬಿಸುವುದು ಬೇಡವೆಂದು ಮತ್ತೆ ಜೇಬಿಗೆ ಹಾಕಿಕೊಂಡಳು.

ಬಾನ್ ಮೇಷ್ಟ್ರು ಬಂದದ್ದು ಶನಿವಾರವೇ, ಅವಳಿಗಳ ಕಾರನ್ನು ಬಸ್ಸಿನ ದಾರಿಯಲ್ಲಿ ಎದುರುಗೊಂಡು ಅದರಲ್ಲೇ ಕುಳಿತು. ದುಸಿಕ್ ಹೊಸ ಟೋಪಿ ಹಾಕಿದ್ದ. ಕೊನ್ನಿಮ್ ಗೆಣಸಿನ ದೋಸೆ ಹೊತ್ತು ತಂದಿದ್ದಳು. ಬುನಿಮ್ ಬೆಳಿಗ್ಗೆಯಿಂದ ಕೋಣೆಯ ಮುಂದೆ ನಿಂತಿದ್ದಳು. ಕೊಳವೆಗಳಿಂದ ಎಲೆಗಳು ಹಸಿ ಬಟ್ಟೆಯಂತೆ ಜೋಲುತ್ತಿದ್ದುದನ್ನು ನೋಡಿದ್ದಳು. ಹೇಳಬೇಕೆಂದು ಬಾಯಿ ತೆರೆದಾಗ ಮೇಷ್ಟ್ರು ಮಕ್ಕಳೊಂದಿಗೆ ನಗುತ್ತಾ, "ಇವರು ನಮ್ಮ ನಾಲ್ಕನೇ ಕ್ಲಾಸಿನ ವಿದ್ಯಾರ್ಥಿನಿ" ಎಂದು ಅವಳನ್ನು ತೋರಿಸಿ ಬಾಗಿಲು ನೂಕಿಬಿಟ್ಟರು.

ಅವಳಿಗಳಲ್ಲಿ ಒಬ್ಬ ಮೂಗು ಅರಳಿಸಿದ. "ಅಮ್ಮಾ, ತಾತನ ವಾಸನೆ!"

"ಹೂಂ ಕಣೋ, ತಾತ ರಾತ್ರಿ ಬಂದಾಗ ಬರೋ ವಾಸನೆ!" ಎಂದ ಇನ್ನೊಬ್ಬ.

ತಾಯಿ ಮಕ್ಕಳ ಹೆಗಲು ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಮೇಷ್ಟ್ರು ಒಂದು ಗಿಡ ಎತ್ತಿದರು. ಬೆಳ್ಳಗೆ ಗಡ್ಡದಂತೆ ಇರಬೇಕಾಗಿದ್ದ ಬೇರು ಕಂದು ಲೋಳೆಯಾಗಿ ಅವರ ಬೆರಳಿಗೆ ಅಂಟಿ ಕೊಳವೆಯೊಳಗೆ ಜಾರಿತು. ಇನ್ನೊಂದನ್ನು ಎತ್ತಿದರು. ಅದೂ ಹಾಗೆಯೇ.

ಕೊನ್ನಿಮ್ ಬಾಗಿಲಲ್ಲಿ ನಿಂತು ಒಂದು ಉಸಿರು ಎಳೆದಳು. ತನ್ನ ಮಡಕೆಯ ವಾಸನೆ ತನಗೆ ಗೊತ್ತಾಗದೆ? ದೋಸೆಯ ತಟ್ಟೆಯನ್ನು ಬೆನ್ನ ಹಿಂದೆ ಸರಿಸಿಕೊಂಡಳು.

"ಯಾರು?" ಎಂದರು ಮೇಷ್ಟ್ರು. ಜೋರಾಗಿ ಏನಲ್ಲ. "ಇದಕ್ಕೆ ಏನಾದ್ರೂ ಹಾಕಿದ್ರಾ ಯಾರಾದ್ರೂ?"

ಬುನಿಮ್ ಕೈ ಎತ್ತಿದಳು. ತರಗತಿಯಲ್ಲಿ ಉತ್ತರ ಗೊತ್ತಿದ್ದಾಗ ಎತ್ತುವ ಹಾಗೆಯೇ, ಬಲ ಮೊಣಕೈಯನ್ನು ಎಡಗೈಯಲ್ಲಿ ಆನಿಸಿಕೊಂಡು.

"ಕೋಸಾ ಮಾಡ್ದೆ ಮೇಷ್ಟ್ರೇ. ಬಾಯಿ ಇದೇ ಅಂತ ನೀವೇ ಹೇಳಿದ್ರಲ್ಲ, ಅದಕ್ಕೆ."

ಮೇಷ್ಟ್ರು ಬಾಗಿಲ ಮೇಲಿನ ಮೀನನ್ನು ನೋಡಿದರು, ತೊಟ್ಟಿಯನ್ನು ನೋಡಿದರು. "ಹೌದು" ಎಂದರು. "ನಾನೇ ಹೇಳಿದ್ದು."

ಒಂದು ಬೈಗುಳ ಬಿದ್ದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

ಅವಳಿಗಳ ತಾಯಿ ಬಹಳ ಮರ್ಯಾದಸ್ಥೆ. ಗೆಣಸಿನ ದೋಸೆ ತಿಂದಳು, ಹೊಗಳಿದಳು, ಯೋಚನೆ ಮಾಡಿ ತಿಳಿಸುತ್ತೇವೆಂದು ಬಗ್ಗಿ ನಮಸ್ಕರಿಸಿ ಕಾರು ಹತ್ತಿದಳು. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ದುಸಿಕ್ ಟೋಪಿ ಬೀಸುತ್ತಲೇ ಇದ್ದ. ಅವರು ಗುಡ್ಡದಾಚೆಯ ಇನ್ನೊಂದು ಹಳ್ಳಿಯ ಶಾಲೆಯನ್ನು ಆರಿಸಿಕೊಂಡರೆಂದು ಮೊದಲ ಮಂಜು ಬೀಳುವ ಹೊತ್ತಿಗೆ ಸುದ್ದಿ ಬಂತು.

ಆ ಶನಿವಾರ ಎಲ್ಲರೂ ಹೋದ ಮೇಲೆ ದಾಸೊಲ್ ಕೋಣೆಗೆ ಬಂದಳು. ಬುನಿಮ್ ಕೊಳವೆಗಳನ್ನು ಬಿಚ್ಚಿ ಬ್ರಷ್ಷು ಹಾಕಿ ಲೋಳೆ ತಿಕ್ಕುತ್ತಿದ್ದಳು.

"ಗಿಡಕ್ಕೆ ಯಾರಾದ್ರೂ ಹೆಂಡ ಕುಡಿಸ್ತಾರಾ ಅಜ್ಜಿ? ನಾಲ್ಕನೇ ಕ್ಲಾಸಿಗೆ ಬಂದು ಇಷ್ಟೂ ಗೊತ್ತಾಗಲ್ವಾ?"

"ಗೊತ್ತಾಗ್ಲಿಲ್ಲ ಕಂದಾ."

"ನಾನೀಗ ಪಟ್ಟಣದ ಶಾಲೆಗೆ ಹೋಗ್ಬೇಕು. ಅಲ್ಲಿ ನಂಗೆ ಯಾರೂ ಗೊತ್ತಿಲ್ಲ." ಹುಡುಗಿ ಬಾಗಿಲ ಕಡೆ ತಿರುಗಿದಳು. "ನೀನು ನನ್ನ ಬೆಂಚಲ್ಲಿ ಕೂತ್ಕೋಬೇಡ."

ಸೋಮವಾರದಿಂದ ಬುನಿಮ್ ಹಿಂದಿನ ಬೆಂಚಿಗೆ ಹೋದಳು. ಎರಡು ವಾರ ಕಳೆದ ಮೇಲೆ ದಾಸೊಲ್ ಹಿಂತಿರುಗಿ ನೋಡದೆ ರಬ್ಬರನ್ನು ಅವಳತ್ತ ಜಾರಿಸಿದಳು. ಬುನಿಮ್ ಅದನ್ನು ಮುಟ್ಟಲಿಲ್ಲ. ಆ ಚಳಿಗಾಲ ತಪ್ಪು ಬರೆದದ್ದನ್ನೆಲ್ಲ ತಪ್ಪಾಗಿಯೇ ಬಿಟ್ಟಳು.

ಮುಚ್ಚುವ ದಿನ ಹತ್ತಿರವಾದಾಗ ಬಾನ್ ಮೇಷ್ಟ್ರು ಅವಳನ್ನು ಕೂರಿಸಿಕೊಂಡರು. ಪಟ್ಟಣದ ಶಾಲೆ ದಾಸೊಲ್‌ಳನ್ನೂ ಅವಳ ತಮ್ಮನನ್ನೂ ತೆಗೆದುಕೊಳ್ಳುತ್ತದೆ, ಬುನಿಮ್ ವಯಸ್ಸಿನವರಿಗೆ ಅಲ್ಲಿ ಜಾಗವಿಲ್ಲ ಎಂದು ಅಲ್ಲಿಯವರು ಹೇಳಿದ್ದರು. ಮೇಷ್ಟ್ರು ನೆಲ ನೋಡುತ್ತಾ, "ನಾನೊಂದು ಪತ್ರ ಮಾಡಿಸಿಕೊಡ್ತೀನಿ. ಆರನೇ ಕ್ಲಾಸ್ ಮುಗಿಸಿದ್ದು ಅಂತ. ನಿಮ್ಮ ಪೂರ್ತಿ ಹೆಸರು ಹಾಕಿ. ಗೋಡೆಗೆ ಹಾಕ್ಕೋಬಹುದು" ಎಂದರು.

"ಆರನೇ ಕ್ಲಾಸಿನ ಲೆಕ್ಕ ನಂಗೆ ಬರಲ್ಲ ಮೇಷ್ಟ್ರೇ."

"ಅದು ಯಾರಿಗೆ ಗೊತ್ತಾಗತ್ತೆ?"

"ಗೋಡೆ ಎದುರಿಗೆ ಕೂತು ಉಣ್ಣೋಳು ನಾನು" ಎಂದಳು ಬುನಿಮ್.

ಹಿಮ ಕರಗುವ ಮುನ್ನ ನೀರಹೊಲವನ್ನು ಬಿಚ್ಚಿಕೊಂಡು ಹೋಗಲು ಲಾರಿ ಬಂತು. ಅವಳು ತಿಕ್ಕಿ ಇಟ್ಟಿದ್ದ ಕೊಳವೆಗಳು ಹೊಸದರಂತೆ ಬೆಳ್ಳಗಿದ್ದವು. ಎಲ್ಲವನ್ನೂ ಹೊತ್ತು ಹಾಕಿದ ಕೆಲಸದವರು ಬಾಗಿಲಲ್ಲಿ ತಡೆದು ನಿಂತರು.

"ಈ ಮೀನು ಯಾರದ್ದಕ್ಕಾ? ಕೋಸಾ ಮೀನು ನಾವು ಮುಟ್ಟಲ್ಲಪ್ಪ."

ಬುನಿಮ್ ಸ್ಟೂಲು ಹತ್ತಿದಳು. ಗಂಟು ಬಿಚ್ಚಲು ಬಾರದು, ಅಷ್ಟು ಬಿಗಿಯಾಗಿ ಕಟ್ಟಿದ್ದಳು. ಎಡಗೈ ಏಳಲಿಲ್ಲ, ಬಲಗೈ ಸೋತಿತು. ಕೊನೆಗೆ ಕೊನ್ನಿಮ್ ಕುಡುಗೋಲು ತಂದು ದಾರ ಕೊಯ್ದಳು.

ಮೀನನ್ನು ಏನು ಮಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ. ಕೊನ್ನಿಮ್‌ಳೇ ಅದನ್ನು ಬಡಿದು, ಹರಿದು, ಮೂಲಂಗಿ ಹಾಕಿ ಸಾರು ಮಾಡಿದಳು. ಕುಡಿದವರಿಗೆ ಅಮಲು ಇಳಿಯಲೆಂದು ಮರುದಿನ ಬೆಳಿಗ್ಗೆ ಮಾಡಿಕೊಡುವ ಸಾರು.

"ಕುಡಿದಿದ್ದು ಅದು, ಇಳೀಬೇಕಾದ್ದು ನಿಂಗೆ. ತಿನ್ನಕ್ಕ" ಎಂದಳು. ನಗಿಸಲು ಹೇಳಿದ ಮಾತು. ಇಬ್ಬರೂ ನಗಲಿಲ್ಲ.

ಹೊರಗೆ ಪಟ್ಟಣದ ಬಸ್ಸಿನ ಸದ್ದಾಯಿತು. ದಾಸೊಲ್ ಹೊಸ ಶಾಲೆಯನ್ನು ನೋಡಿ ಬರಲು ತಾಯಿಯೊಂದಿಗೆ ಹೊರಟ ದಿನ ಅದು. ಬುನಿಮ್ ಎದ್ದು ಕಿಟಕಿಯ ಬಳಿಗೆ ಹೋದಳು. ಅರವತ್ತು ವರ್ಷದ ಹಿಂದೆ ಬೆನ್ನ ಮೇಲೆ ಚೀರುವ ಕೂಸಿತ್ತು. ತನ್ನನ್ನು ಹೊರಗಿಟ್ಟದ್ದು ಆ ಕೂಸೇ ಎಂದು ಒಂದು ಜೀವಮಾನ ಪೂರ್ತಿ ಸಮಾಧಾನ ಹೇಳಿಕೊಂಡಿದ್ದಳು. ಈ ಸಲ ಬೆನ್ನು ಬರಿದಾಗಿತ್ತು. ದಾಸೊಲ್‌ಳನ್ನು ಹತ್ತಿಸಿಕೊಂಡು ಬಂದ ಬಸ್ಸು ಶಾಲೆಯ ಮುಂದೆ ನಿಧಾನಿಸಿ, ಹತ್ತುವವರು ಯಾರೂ ಇಲ್ಲದ್ದು ಕಂಡು ಮುಂದೆ ಹೋಯಿತು.

"ಸಾರು ಆರ್ತಾ ಇದೆ" ಎಂದಳು ಕೊನ್ನಿಮ್.

"ಆರ್ಲಿ ಬಿಡು" ಎಂದಳು ಬುನಿಮ್.